ಅಂಗಾಲಿಗೊಂದು ಕನ್ನಡಿ

ಮೊದಲು ಗೊತ್ತಾಗಿದ್ದು ಹೊದಿಕೆಯಿಂದ. ರಾತ್ರಿ ಮಗ್ಗುಲು ಬದಲಿಸಿದರೆ ಸಾಕು, ಹಿಮ್ಮಡಿ ಹೊದಿಕೆಯ ನೂಲಿಗೆ ಸಿಕ್ಕಿಕೊಂಡು ಚರ್ರನೆ ಎಳೆಯುತ್ತಿತ್ತು. ನನಗೆ ಅದು ಅಭ್ಯಾಸ ಆಗಿಹೋಗಿತ್ತು. ಒಂದು ರಾತ್ರಿ ಪಕ್ಕದಲ್ಲಿ ಮಲಗಿದ್ದ ಮಗಳು "ಅಮ್ಮಾ, ನಿನ್ನ ಕಾಲಿಗೆ ಬೆಕ್ಕಿನ ಉಗುರು ಬಂದಿದೆ, ನಾನು ಬೇರೆ ಹೊದಿಕೆ ತಗೋತೀನಿ" ಅಂತ ಎದ್ದು ಹೋದಳು. ನಕ್ಕು ಸುಮ್ಮನಾದೆ. ಅದಾಗಿ ಮೂರು ದಿನಕ್ಕೆ ಅಕ್ಕನ ಮಗಳ ಮದುವೆ. ರೇಷ್ಮೆ ಸೀರೆ ಉಟ್ಟು ನೆರಿಗೆ ಸರಿಮಾಡಿಕೊಳ್ಳುವಾಗ ಅದೇ ಹಿಮ್ಮಡಿಗೆ ಒಳ ಅಂಚಿನ ಎಳೆ ಸಿಕ್ಕಿ ಒಂದು ಗೇಣು ಈಚೆ ಬಂತು. ಆಗ ನಗು ಬರಲಿಲ್ಲ.

ಮದುಮಕ್ಕಳು ಆಶೀರ್ವಾದಕ್ಕೆ ಬಗ್ಗಿದಾಗ ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಹುಡುಗ ಪಾಪ, ನೆರಿಗೆಗೇ ನಮಸ್ಕಾರ ಮಾಡಿ ಎದ್ದ. ತಲೆ ತುಂಬ ಮಲ್ಲಿಗೆ, ಕೈ ತುಂಬ ಬಳೆ, ಕೆಳಗೆ ಮಾತ್ರ ಬೇಸಿಗೆಯ ಕೆರೆಯಂಗಳ. ನಾವು ಕಾಲು ಮುಟ್ಟಿ ನಮಸ್ಕರಿಸುವ ಜನ, ಪಾದಪೂಜೆ ಮಾಡುವ ಜನ. ಹಾಗಿದ್ದೂ ನಮ್ಮ ಕಾಲನ್ನು ನಾವೇ ತಿರುಗಿಸಿ ನೋಡಿ ಎಷ್ಟು ದಿನ ಆಯ್ತು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ದಿನಕ್ಕೆ ಐದು ಪೀರಿಯಡ್, ಪೂರಾ ನಿಂತೇ. ಕೂತು ಗಣಿತ ಕಲಿಸೋಕೆ ಬರಲ್ಲ ನನಗೆ. ನೆಲ ಗಟ್ಟಿ ಕಲ್ಲಿನದು. ಶಾಲೆಗೂ ಪೇಟೆಗೂ ಹಿಂದೆ ಪಟ್ಟಿ ಇಲ್ಲದ ಚಪ್ಪಲಿ, ಮನೆಯಲ್ಲಿ ಬರಿಗಾಲು. ಹಾಗಾಗಿ ಕಾಲು ಒಡೆಯುವುದು ನನಗೆ ಹೊಸತೇನಲ್ಲ. ನವೆಂಬರಿನಲ್ಲಿ ಶುರುವಾಗುತ್ತೆ, ಶಿವರಾತ್ರಿ ಕಳೆದ ಮೇಲೆ ನಿಧಾನಕ್ಕೆ ಕೂಡಿಕೊಳ್ಳುತ್ತೆ. ನಮ್ಮಮ್ಮನಿಗೂ ಹಾಗೇ, ಅಜ್ಜಿಗೂ ಹಾಗೇ. ಕಾಲು ಒಡೆಯುವುದನ್ನು ನಮ್ಮ ಮನೆಯಲ್ಲಿ ಯಾರೂ ಕಾಯಿಲೆ ಅಂದುಕೊಂಡಿರಲೇ ಇಲ್ಲ. ಅದೊಂದು ಕಾಲಮಾನ, ಅಷ್ಟೇ.

ನನ್ನ ತವರು ಸಾಗರದ ಹತ್ತಿರ. ಅಲ್ಲಿ ಇದಕ್ಕೆ ಮದ್ದು ಅಂದರೆ ಮುರುಗಲ ತುಪ್ಪ. ಕರಾವಳಿಯವರು ಪುನರ್ಪುಳಿ ಅನ್ನುತ್ತಾರಲ್ಲ, ಅದೇ ಮುರುಗಲು. ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋಗುತ್ತೆ. ಉಳಿದ ಬೀಜವನ್ನು ಅಮ್ಮ ತೊಳೆದು, ಅಂಗಳದಲ್ಲಿ ಚಾಪೆ ಹಾಸಿ ಒಣಗಿಸಿ, ಕುಟ್ಟಿ ಪುಡಿ ಮಾಡಿ ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸುತ್ತಿದ್ದಳು. ಜಿಡ್ಡು ಮೇಲೆ ತೇಲುತ್ತಿತ್ತು. ರಾತ್ರಿಯಿಡೀ ಹಾಗೇ ಬಿಟ್ಟರೆ ಬೆಳಿಗ್ಗೆ ಹೆಪ್ಪುಗಟ್ಟಿರುತ್ತಿತ್ತು, ತೆಗೆದು ಉಂಡೆ ಕಟ್ಟಿ ಇಡುವುದು. ನಸುಹಳದಿ ಬಣ್ಣ, ಸೋಪಿನ ಹಾಗೆ ಗಟ್ಟಿ. ಚಳಿಗಾಲದ ಸಂಜೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂತು, ಉಂಡೆಯ ಚೂರನ್ನು ಹಳೇ ಸೌಟಿನಲ್ಲಿ ಕರಗಿಸಿ, ಹತ್ತಿಯಲ್ಲಿ ಅದ್ದಿ ಒಡಕಿನೊಳಗೆ ಬಿಟ್ಟರೆ ಒಂದು ಕ್ಷಣ ಜೀವ ಹೋದಂತೆ ಉರಿದು ಆಮೇಲೆ ಹಾಯಾಗುತ್ತಿತ್ತು. ಅದು ಕರಗುವುದು ನಮ್ಮ ಮೈಬಿಸಿಗಿಂತ ಸ್ವಲ್ಪ ಹೆಚ್ಚಿನ ಬಿಸಿಗೆ. ಹಾಗಾಗಿ ಒಡಕಿನೊಳಗೆ ಇಳಿದದ್ದು ಅಲ್ಲೇ ಗಟ್ಟಿಯಾಗಿ ಕೂರುತ್ತೆ, ಬಿರುಕಿಗೆ ಮೇಣ ತುಂಬಿದ ಹಾಗೆ. ಎಷ್ಟು ಒಳ್ಳೆಯ ಮದ್ದು ಅಂತ ನನಗೆ ಈಗಲೂ ಗೌರವ ಇದೆ. ಬೇರೆ ಊರಿನವರು ಮೇಣದಬತ್ತಿ ಕರಗಿಸಿ ಕೊಬ್ಬರಿ ಎಣ್ಣೆ ಸೇರಿಸುತ್ತಾರೆ, ಹರಳೆಣ್ಣೆ ಹಚ್ಚುತ್ತಾರೆ, ಗೋರಂಟಿ ಮೆತ್ತುತ್ತಾರೆ. ಎಲ್ಲರ ಮನೆಯಲ್ಲೂ ಒಂದೊಂದು ಇದ್ದೇ ಇದೆ.

ಈ ಸಲ ಮಾತ್ರ ಮುರುಗಲ ತುಪ್ಪ ಕೆಲಸ ಮಾಡಲಿಲ್ಲ.

ಎರಡು ವಾರ ಹಚ್ಚಿದೆ. ಬಟ್ಟೆ ಒಗೆಯುವ ಕಲ್ಲಿಗೆ ಹಿಮ್ಮಡಿ ಉಜ್ಜಿದೆ. (ಉಜ್ಜದವರು ಯಾರಿದ್ದಾರೆ ಹೇಳಿ.) ಉಜ್ಜಿದ ದಿನ ನುಣ್ಣಗೆ, ಮರುದಿನ ಇನ್ನೂ ಒರಟು. ಬಲಗಾಲಿನ ಹೊರಬದಿಯಲ್ಲಿ ಒಂದು ಸೀಳು ಎಷ್ಟು ಆಳಕ್ಕೆ ಇಳಿದಿತ್ತು ಅಂದರೆ ಬೋರ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಾಗ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದೆ. ಹುಡುಗರು ನೋಡಿ ಮುಸಿಮುಸಿ ನಗುತ್ತಿದ್ದರು. ಜೊತೆಗೆ ತುರಿಕೆ ಬೇರೆ. ಒಡಕಿನಲ್ಲಲ್ಲ, ಅಂಗಾಲು ಪೂರ್ತಿ. ಮೆಡಿಕಲ್ ಶಾಪಿನಲ್ಲಿ ಹೇಳಿದೆ. ಅಲ್ಲಿದ್ದ ಹುಡುಗ ಕೇಳಿದ್ದು ಒಂದೇ ಪ್ರಶ್ನೆ, "ತುರಿಕೆ ಇದೆಯಾ ಮೇಡಂ?" ಇದೆ ಅಂದೆ. ಒಂದು ಟ್ಯೂಬ್ ಕೊಟ್ಟ. ಮೂರು ದಿನಕ್ಕೆ ತುರಿಕೆ ಮಾಯ! ಮೂರು ವಾರಕ್ಕೆ ವಾಪಸ್, ಈ ಸಲ ಪಾದದ ಅಂಚು ದಾಟಿ ಮೇಲಕ್ಕೂ ಬಂದಿತ್ತು. ಮತ್ತೆ ಅದೇ ಟ್ಯೂಬ್ ತಂದೆ. ಹೀಗೇ ನಾಲ್ಕು ಟ್ಯೂಬ್ ಆಯ್ತು ಅಂತ ಬರೆಯೋಕೆ ನಾಚಿಕೆ ಆಗುತ್ತೆ, ಆದರೆ ಬರೆಯಲೇಬೇಕು.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ? ಯಾಕೆಂದರೆ ಕಾಲು ಒಡೆದದ್ದಕ್ಕೆಲ್ಲ ಡಾಕ್ಟರಾ ಅಂತ. ಜ್ವರ ಬಂದರೆ ಹೋಗಬಹುದು, ಎದೆ ನೋವಿಗೆ ಹೋಗಬಹುದು. ಹಿಮ್ಮಡಿ ಹಿಡಿದುಕೊಂಡು ಹೋಗಿ ಟೋಕನ್ ತಗೊಂಡು ಕೂತರೆ ಪಕ್ಕದವರು "ಏನಾಗಿದೆ ನಿಮಗೆ?" ಅಂತ ಕೇಳಿಯೇ ಕೇಳುತ್ತಾರೆ, ಆಗ ಏನು ಹೇಳೋದು? ಇನ್ನೊಂದು, ಆ ಕಾಲನ್ನು ಇನ್ನೊಬ್ಬರ ಕೈಗೆ ಕೊಡಬೇಕಲ್ಲ ಅನ್ನೋ ಸಂಕೋಚ. ತೊಳೆದರೂ ಹೋಗದ ಕಪ್ಪು ಗೆರೆಗಳು. ಕೊಳಕು ಹೆಂಗಸು ಅಂದುಕೊಂಡಾರು ಅಂತ.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಕಾಲಿನ ಕಥೆ ನಡೆಯುತ್ತಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಮಾವ ಬಸ್ ಓಡಿಸುತ್ತಿದ್ದವರು, ರಿಟೈರ್ ಆಗಿ ಒಂಬತ್ತು ವರ್ಷ. ಶುಗರ್ ಬಂದು ಹದಿನಾಲ್ಕು ವರ್ಷ. ಮಾತ್ರೆ ತಪ್ಪಿಸುವುದಿಲ್ಲ, ಹಬ್ಬಕ್ಕೆ ಹೋಳಿಗೆಯನ್ನೂ ತಪ್ಪಿಸುವುದಿಲ್ಲ. ಅವರ ಎಡಗಾಲಿನ ಹೆಬ್ಬೆರಳ ಕೆಳಬದಿಯಲ್ಲಿ ಚರ್ಮ ದಡ್ಡುಗಟ್ಟಿ, ಒಡೆದು, ಕಪ್ಪಾಗಿತ್ತು. ಅದನ್ನು ಅವರು ಆಗಾಗ ಹಳೇ ಶೇವಿಂಗ್ ಬ್ಲೇಡಿನಲ್ಲಿ ಹೆರೆದುಕೊಳ್ಳುತ್ತಿದ್ದರು, ಪೆನ್ಸಿಲ್ ಹೆರೆದ ಹಾಗೆ. ರಾತ್ರಿ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುವುದು ಬೇರೆ. ಅತ್ತೆ ನೀರು ಮುಟ್ಟಿ "ಸುಡ್ತಿದೆಯಲ್ರೀ" ಅಂದರೆ "ನಂಗೆ ಬೆಚ್ಚಗೂ ಅನ್ನಿಸ್ತಿಲ್ಲ, ಇನ್ನೊಂದು ಚೊಂಬು ಹಾಕು" ಅನ್ನುತ್ತಿದ್ದರು. ನಾವೆಲ್ಲ ಅದನ್ನು ಗಟ್ಟಿತನ ಅಂದುಕೊಂಡಿದ್ದೆವು. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ, ಇದಕ್ಕೆಲ್ಲ ಜಗ್ಗುತ್ತಾರಾ ಅಂತ.

ಒಂದು ಭಾನುವಾರ ಬೆಳಿಗ್ಗೆ ನೆಲ ಒರೆಸುವಾಗ ಹಾಲಿನ ಬಿಳಿ ಟೈಲ್ಸಿನ ಮೇಲೆ ಕಂದು ಕಲೆ ಕಂಡೆ. ಕಾಫಿ ಡಿಕಾಕ್ಷನ್ ಚೆಲ್ಲಿದ್ದಾರೆ ಅಂದುಕೊಂಡು ಒರೆಸಿದೆ. ಮುಂದೆ ಇನ್ನೊಂದು. ಅಳತೆ ಹಿಡಿದು ಇಟ್ಟ ಹಾಗೆ ಒಂದೊಂದು ಹೆಜ್ಜೆ ಬಿಟ್ಟು ಒಂದೊಂದು, ದೇವರ ಕೋಣೆಯಿಂದ ಮಾವನ ಕುರ್ಚಿಯವರೆಗೆ. ಎಲ್ಲವೂ ಎಡಗಾಲಿನದೇ. ಮಾವ ಪೇಪರ್ ಓದುತ್ತಾ ಕೂತಿದ್ದರು. ಕಾಲು ಎತ್ತಿ ನೋಡಿದರೆ ಹೆಬ್ಬೆರಳ ಕೆಳಗಿನ ಒಡಕು ಬಾಯಿ ಬಿಟ್ಟು ಕೀವು ಇಳಿಯುತ್ತಿತ್ತು. ಬೆರಳು ಬದನೆಕಾಯಿಯಷ್ಟು ಊದಿ ಮಿರಿಮಿರಿ ಹೊಳೆಯುತ್ತಿತ್ತು. ಎಷ್ಟು ದಿನದಿಂದ ಮಾವ? "ಗೊತ್ತಿಲ್ಲಮ್ಮ. ನೋವೇ ಇಲ್ವಲ್ಲ."

ಆ "ನೋವೇ ಇಲ್ವಲ್ಲ" ಅನ್ನೋ ಮಾತು ನನ್ನ ತಲೆಯಲ್ಲಿ ಇನ್ನೂ ಕೂತಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನಿನಂಥ ಹಿಡಿಯ ತುದಿಯಲ್ಲಿದ್ದ ಒಂದು ನೈಲಾನ್ ಎಳೆಯನ್ನು ಅವರ ಅಂಗಾಲಿಗೆ ಒತ್ತಿ, ಅದು ಬಾಗುವವರೆಗೂ ಹಿಡಿದು, "ಗೊತ್ತಾದರೆ ಹೂಂ ಅನ್ನಿ" ಅಂದರು. ಆ ಎಳೆ ಬಾಗುವುದು 10 ಗ್ರಾಂ ಒತ್ತಡಕ್ಕೆ. ಮಾವ ಕಣ್ಣು ಮುಚ್ಚಿ ಕೂತಿದ್ದರು. ಡಾಕ್ಟರು ಒತ್ತುತ್ತಾ ಹೋದರು, ಬೆರಳಿಗೆ, ಬುಡಕ್ಕೆ, ಹಿಮ್ಮಡಿಗೆ. ಒಂದು "ಹೂಂ" ಕೂಡ ಬರಲಿಲ್ಲ. ಮಾವ ಕಣ್ಣು ತೆರೆದು, "ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?" ಅಂತ ಕೇಳಿದರು. ಪಕ್ಕದಲ್ಲಿದ್ದ ನಮ್ಮ ಯಜಮಾನರು ನನ್ನ ಕೈ ಹಿಡಿದುಕೊಂಡರು. ಎಕ್ಸ್‌ರೇಯಲ್ಲಿ ನಂಜು ಮೂಳೆಗೆ ಇಳಿದದ್ದು ಕಾಣಿಸಿತು. ಹೆಬ್ಬೆರಳು ತೆಗೆದರು. ಪಾದ ಉಳಿಯಿತು. ಒಂದು ವಾರ ತಡ ಮಾಡಿದ್ದರೆ ಹಾಗೆ ಹೇಳಲು ಆಗುತ್ತಿರಲಿಲ್ಲ ಅಂದರು.

ಶುಗರ್ ಬಹಳ ದಿನ ಹೆಚ್ಚಿದ್ದರೆ ಕಾಲಿನ ನರ ಹಾಳಾಗುತ್ತೆ. ನೋವು ಗೊತ್ತಾಗುವುದಿಲ್ಲ, ಅದು ಒಂದು. ಬೆವರು ಕಮ್ಮಿಯಾಗಿ ಚರ್ಮ ಒಣಗುತ್ತೆ, ಒಣಗಿ ಒಡೆಯುತ್ತೆ, ಅದು ಇನ್ನೊಂದು. ಜೊತೆಗೆ ರಕ್ತ ಸರಿಯಾಗಿ ಇಳಿಯದಿದ್ದರೆ ಗಾಯ ಮಾಯುವುದಿಲ್ಲ. ಅಂದರೆ ಬಾಗಿಲು ತೆರೆದಿದೆ, ಕಾವಲುಗಾರ ನಿದ್ದೆ ಹೋಗಿದ್ದಾನೆ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಹೇಳಿತ್ತು. ಓದಿದಾಗ ದೊಡ್ಡ ಸಂಖ್ಯೆ ಅನ್ನಿಸಿ ಪುಟ ತಿರುಗಿಸಿದ್ದೆ. ಅದರಲ್ಲಿ ಒಬ್ಬರ ಕಾಲು ನಮ್ಮ ಹಾಲಿನಲ್ಲೇ ಓಡಾಡುತ್ತಿತ್ತು.

ಮಾವ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕಾವಲು ಕೂತು ಪಾಲ್ ಬ್ರ್ಯಾಂಡ್ ಬಗ್ಗೆ ಓದಿದೆ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ, 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳಿಗೆ ಆಪರೇಷನ್ ಮಾಡುತ್ತಿದ್ದ ಸರ್ಜನ್. ಕುಷ್ಠ ಬಂದವರ ಬೆರಳು ಕೊಳೆತು ಉದುರುತ್ತೆ ಅಂತ ಎಲ್ಲರೂ ನಂಬಿದ್ದಾಗ, ಹಾಗಲ್ಲ, ನೋವು ಗೊತ್ತಾಗದ ಕಾರಣ ಅವರೇ ಅರಿಯದೆ ಕೈಕಾಲು ಹಾಳು ಮಾಡಿಕೊಳ್ಳುತ್ತಾರೆ ಅಂತ ತೋರಿಸಿದವರಲ್ಲಿ ಅವರು ಮುಖ್ಯರು. ರಾತ್ರಿ ಇಲಿ ಬಂದು ಬೆರಳು ಕಡಿದರೂ ಎಚ್ಚರ ಆಗುತ್ತಿರಲಿಲ್ಲವಂತೆ. ಅದಕ್ಕೆ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರಂತೆ. ಅವರೇ ಹೇಳಿಕೊಂಡ ಒಂದು ಪ್ರಸಂಗ ಇದೆ. ಅಮೆರಿಕದಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದು, ರೈಲಿನಲ್ಲಿ ಲಂಡನ್ ತಲುಪಿ, ರಾತ್ರಿ ಕಾಲುಚೀಲ ಬಿಚ್ಚುವಾಗ ಹಿಮ್ಮಡಿಯ ಅರ್ಧ ಭಾಗಕ್ಕೆ ಸ್ಪರ್ಶವೇ ಇಲ್ಲ. ಸೂಜಿ ಚುಚ್ಚಿಕೊಂಡರು. ನೋವಿಲ್ಲ. ನನಗೂ ಬಂತು ಅಂದುಕೊಂಡು ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಚುಚ್ಚಿಕೊಂಡರೆ, ಅಬ್ಬಾ, ಕಿರುಚುವಷ್ಟು ನೋವು! ರೈಲಿನಲ್ಲಿ ಮುದುರಿಕೊಂಡು ಕೂತು ನರ ಜೋಮು ಹಿಡಿದಿತ್ತು, ಅಷ್ಟೇ. ಆ ನೋವಿಗೆ ಅವರು ಎಷ್ಟು ಖುಷಿಪಟ್ಟರು ಅಂದರೆ.

ಅದನ್ನು ಓದಿ ನಾನೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೀರೆಯ ಸೇಫ್ಟಿ ಪಿನ್ ತೆಗೆದು ಹಿಮ್ಮಡಿಗೆ ಒತ್ತಿದೆ. ನೋವಾಯಿತು. ಒಳ್ಳೆಯದೇ ಆಯಿತು ಅನ್ನಿಸಿತು. (ನೀವು ಪಿನ್ ಚುಚ್ಚಿಕೊಳ್ಳಬೇಡಿ. ಹತ್ತಿಯ ಎಳೆಯೋ, ಮನೆಯವರು ಬೆರಳ ತುದಿಯಲ್ಲಿ ಹಗುರಾಗಿ ಮುಟ್ಟಿದ್ದೋ ಗೊತ್ತಾಗುತ್ತಾ ನೋಡಿದರೆ ಸಾಕು.)

ಮಾವ ಮನೆಗೆ ಬಂದ ಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಸಂಕೋಚದಿಂದ ಕಾಲು ಚಾಚಿದರೆ ಅವರು ತೊಡೆಯ ಮೇಲೇ ಇಟ್ಟುಕೊಂಡು ಲೆನ್ಸ್ ಹಿಡಿದು ನೋಡಿದರು. ಆಮೇಲೆ, "ಕೈ ತೋರಿಸಿ" ಅಂದರು. ಕೈ ಯಾಕೆ? ತೋರಿಸಿದೆ. ಎಡಗೈ ಸರಿ ಇತ್ತು. ಬಲಗೈಯ ಗೆರೆಗಳಲ್ಲಿ ಬಿಳಿ ಪುಡಿ. "ಸೀಮೆಸುಣ್ಣ ಡಾಕ್ಟ್ರೇ, ನಾನು ಟೀಚರ್" ಅಂದೆ. ಅವರು ಬ್ಲೇಡಿನ ಮೊಂಡು ಬದಿಯಿಂದ ಆ ಪುಡಿಯನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಬೀಳಿಸಿಕೊಂಡರು, ಕಾಲಿನಿಂದಲೂ ಅಷ್ಟು. ಎರಡು ಹನಿ ಯಾವುದೋ ದ್ರಾವಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, "ಸೀಮೆಸುಣ್ಣ ಅಲ್ಲ ಮೇಡಂ, ಫಂಗಸ್" ಅಂದರು. ಎರಡು ಕಾಲು, ಒಂದು ಕೈ. ಕಾಲು ಕೆರೆದುಕೊಂಡ ಕೈಗೇ ಹತ್ತುತ್ತಂತೆ. ಒಂದು ವರ್ಷದಿಂದ ಅದನ್ನು ಸೀಮೆಸುಣ್ಣ ಅಂತ ದಿನಾ ತೊಳೆಯುತ್ತಿದ್ದೆ, ಮರುದಿನ ಮತ್ತೆ ಬರುತ್ತಿತ್ತು. ಬಂದೇ ಬರುತ್ತೆ ಅಲ್ವಾ, ಟೀಚರ್ ಕೈ!

ನಾಲ್ಕು ಖಾಲಿ ಟ್ಯೂಬ್ ತೋರಿಸಿದೆ. ಮುಖ ಸಪ್ಪಗಾಯಿತು ಅವರದು. ಅದರಲ್ಲಿ ಜೋರಾದ ಸ್ಟಿರಾಯ್ಡ್ ಇತ್ತು, ಜೊತೆಗೆ ಇನ್ನೆರಡು ಮದ್ದು ಬೆರೆಸಿದ್ದು. ಸ್ಟಿರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಅಡಗಿಸುತ್ತೆ. ಫಂಗಸ್ಸಿಗೆ ಮಾತ್ರ ಅದರಿಂದ ಹಬ್ಬ. ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ನನಗೆ ಚೀಟಿ ಕೇಳಿದವರಿಲ್ಲ. ಕೇಳಿದ್ದರೆ ನಾನೇ ಜಗಳ ಆಡುತ್ತಿದ್ದೆನೇನೋ, ಒಂದು ಟ್ಯೂಬಿಗೆ ಎಷ್ಟು ಸತಾಯಿಸ್ತೀಯಪ್ಪ ಅಂತ.

ಎಷ್ಟೋ ಜನಕ್ಕೆ ಬರೀ ಒಣಗಿಯೇ ಕಾಲು ಒಡೆಯುತ್ತೆ, ಅದು ಬೇರೆ ವಿಷಯ. ಅಂಗಾಲಿನಲ್ಲಿ ಎಣ್ಣೆ ಬಿಡುವ ಗ್ರಂಥಿಗಳೇ ಇಲ್ಲವಂತೆ, ಬೆವರಿನವು ಮಾತ್ರ. ಮೈಯ ಬೇರೆ ಚರ್ಮಕ್ಕೆ ಒಳಗಿಂದಲೇ ಜಿಡ್ಡು ಸಿಗುತ್ತೆ, ಹಿಮ್ಮಡಿಗೆ ಸಿಗುವುದಿಲ್ಲ. ಜೊತೆಗೆ ನಾವು ನಿಂತಾಗಲೆಲ್ಲ ಹಿಮ್ಮಡಿಯೊಳಗಿನ ಮೆತ್ತೆ ಅಗಲಕ್ಕೆ ಹರಡುತ್ತೆ. ಮೇಲಿನ ಚರ್ಮ ಮೆತ್ತಗಿದ್ದರೆ ಹಿಗ್ಗುತ್ತೆ, ದಡ್ಡುಗಟ್ಟಿದ್ದರೆ ಸೀಳುತ್ತೆ. ಬಿಸಿ ಅಕ್ಕಿ ರೊಟ್ಟಿ ಹೇಗೆ ಬೇಕಾದರೂ ಮಡಚಿ, ನಿನ್ನೆಯ ರೊಟ್ಟಿ ಮಡಚಿದರೆ ಲಟಕ್. ಅದೇ ಲೆಕ್ಕ. ಹಿಂದೆ ಹಿಡಿತ ಇಲ್ಲದ ಚಪ್ಪಲಿ, ಗಟ್ಟಿ ನೆಲ, ಮೈತೂಕ, ನಿಂತು ಮಾಡುವ ಕೆಲಸ, ಚಳಿಗಾಲದ ಒಣ ಗಾಳಿ, ಎಲ್ಲ ಸೇರುತ್ತೆ. ಥೈರಾಯ್ಡ್ ಕಮ್ಮಿ ಇದ್ದರೂ ಚರ್ಮ ಹೀಗೇ ಒಣಗುತ್ತೆ ಅಂತ ರಕ್ತಪರೀಕ್ಷೆಗೂ ಬರೆದರು.

ಒಣಗಿ ಒಡೆದದ್ದಕ್ಕೆ ಮನೆಯಲ್ಲೇ ಮಾಡುವಂಥದ್ದು ಬಹಳ ಇದೆ. ಅದೂ ನಾನು ಮಾಡುತ್ತಿದ್ದ ಹಾಗಲ್ಲ. ಅರ್ಧ ಗಂಟೆ ಬಿಸಿನೀರಿನಲ್ಲಿ ಕಾಲಿಟ್ಟರೆ ಇನ್ನಷ್ಟು ಒಣಗುತ್ತೆ. ಉಗುರು ಬೆಚ್ಚಗಿನ ನೀರು, ಹತ್ತು ನಿಮಿಷ ಸಾಕು. ಒರೆಸಿ, ಪಸೆ ಇರುವಾಗಲೇ ಹಚ್ಚಬೇಕು, ಪೆಟ್ರೋಲಿಯಂ ಜೆಲ್ಲಿ ಆದರೂ ಸರಿ, ಮುರುಗಲ ತುಪ್ಪ ಆದರೂ ಸರಿ. ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗುವುದು. ಬೆರಳ ಸಂದಿಗೆ ಮಾತ್ರ ಹಚ್ಚಬಾರದು, ಅಲ್ಲಿ ಒಣಗಿಯೇ ಇರಬೇಕು. ಚರ್ಮ ದಪ್ಪ ಆಗಿದ್ದರೆ ಯೂರಿಯಾ ಇರುವ ಕ್ರೀಮ್ ಒಳ್ಳೆಯದು, ಅದು ದಡ್ಡನ್ನು ಮೆತ್ತಗೆ ಮಾಡಿ ನೀರನ್ನು ಹಿಡಿದಿಡುತ್ತೆ. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ ಕೇಳಿದ್ದು, "ಯೂರಿಯಾನಾ? ತೋಟಕ್ಕೆ ತಂದ ಚೀಲ ಹಾಗೇ ಇದೆಯಲ್ಲೇ, ದುಡ್ಡು ಯಾಕೆ ಕೊಟ್ಟೆ?" ಅಪ್ಪ ತಮಾಷೆ ಮಾಡಿದ್ದು ಅಂತ ನಂಬಿದ್ದೇನೆ. ವಸ್ತು ಅದೇ, ಆದರೆ ಗೊಬ್ಬರದ ಯೂರಿಯಾ ಕಾಲಿಗಲ್ಲ ಮಾರಾಯ್ರೇ.

ನನ್ನದು ಬರೀ ಒಣಗಿದ್ದಲ್ಲವಾದ್ದರಿಂದ ಮಾತ್ರೆಯೂ ಬೇಕಾಯಿತು. ಲಿವರ್ ಪರೀಕ್ಷೆ ಮಾಡಿಸಿ ಶುರು ಮಾಡಿದರು. ತುರಿಕೆ ಬೇಗ ಹೋಯಿತು, ಆದರೂ ಹೇಳಿದಷ್ಟು ದಿನ ಬಿಡದೆ ತಗೊಂಡೆ, ನಾಲ್ಕು ಟ್ಯೂಬಿನ ಪಾಠ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನ್ನದು 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಅಂಚಿನಲ್ಲಿ ನಿಂತ ಹಾಗೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಹಿಮ್ಮಡಿ ತೋರಿಸಲು ಹೋಗಿ ಇದು ಸಿಕ್ಕಿತು.

ಇದೆಲ್ಲ ಆದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನಗೆ ಕಾಲು ತೋರಿಸಲು ಶುರು ಮಾಡಿದ್ದಾರೆ. "ಇದಕ್ಕೆ ಡಾಕ್ಟರ ಹತ್ತಿರ ಹೋಗಬೇಕಾ ಮೇಡಂ?" ಅಂತ. ನಾನು ಡಾಕ್ಟರಲ್ಲ. ಆದರೂ ಮೊದಲು ಕೇಳುವುದು ಶುಗರ್ ಇದೆಯಾ ಅಂತ. ಇದೆ ಅಂದರೆ ಮಾತೇ ಇಲ್ಲ. ಒಡಕು ಎಷ್ಟೇ ಸಣ್ಣದಿರಲಿ, ನೋವು ಇರಲಿ ಬಿಡಲಿ, ತೋರಿಸಲೇಬೇಕು. ಬಿಸಿನೀರಿನ ಬಕೆಟ್, ಬ್ಲೇಡ್, ಆಣಿಗೆ ಅಂತ ಅಂಟಿಸುವ ಪಟ್ಟಿ, ಈ ಮೂರನ್ನೂ ಅವರು ಮುಟ್ಟಬಾರದು. ಆ ಪಟ್ಟಿಯಲ್ಲಿ ಆಸಿಡ್ ಇರುತ್ತೆ, ನೋವು ಗೊತ್ತಾಗದವರಿಗೆ ಒಳ್ಳೆಯ ಚರ್ಮವನ್ನೂ ತಿಂದುಹಾಕುತ್ತೆ. ಕಾಲು ಜೋಮು ಹಿಡಿದ ಹಾಗಿದೆ, ಹತ್ತಿಯ ಮೇಲೆ ನಡೆದಂತೆ ಅನ್ನಿಸುತ್ತೆ, ಚಪ್ಪಲಿ ಕಳಚಿಬಿದ್ದರೂ ಗೊತ್ತಾಗಲ್ಲ ಅನ್ನುವವರು ಶುಗರ್ ಇದೆ ಅಂತ ಗೊತ್ತಿಲ್ಲದಿದ್ದರೂ ಹೋಗಬೇಕು. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ಪುಕ್ಕಟೆ ನೋಡುತ್ತಾರೆ. ಮೈಮೇಲೆ ತಿಳಿಬಣ್ಣದ ಮಚ್ಚೆ ಇದ್ದು ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಗಾಬರಿ ಬೇಡ, ಮುಚ್ಚಿಡುವುದೂ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಇದೆ, ವಾಸಿಯಾಗುತ್ತೆ.

ಶುಗರ್ ಇಲ್ಲದವರಿಗೂ ಕಾಯಬಾರದ ಹೊತ್ತು ಅಂತ ಇರುತ್ತೆ. ಒಡಕಿನ ಸುತ್ತ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಆ ಕೆಂಪು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ ನಂಜಾಗಿದೆ ಅಂತಲೇ. ಅನುಮಾನ ಇದ್ದರೆ ಕೆಂಪಿನ ಅಂಚಿಗೆ ಬಾಲ್ ಪೆನ್ನಿನಲ್ಲಿ ಗೆರೆ ಎಳೆಯಿರಿ, ಗೆರೆ ದಾಟಿದರೆ ಅವತ್ತೇ ಹೊರಡಿ. ಕೀವು, ಕೆಟ್ಟ ವಾಸನೆ, ಚಳಿಜ್ವರ, ಕಾಲಿನ ಮೇಲಕ್ಕೆ ಹರಿದ ಕೆಂಪು ಗೆರೆ, ಬೆರಳು ಕಪ್ಪಾಗುವುದು, ಇದ್ಯಾವುದಕ್ಕೂ ನಾಳೆ ಅನ್ನಬೇಡಿ. ತೊಡೆಸಂದಿಯಲ್ಲಿ ಗಳಲೆ, ಅಂದರೆ ಗಂಟು, ಕಟ್ಟಿದರೂ ಅಷ್ಟೇ. ನಮ್ಮ ಅಜ್ಜಿ ಗಳಲೆ ಕಟ್ಟಿದೆ ಅಂದರೆ "ಕಾಲಲ್ಲಿ ಎಲ್ಲಿ ಗಾಯ ಆಗಿದೆ ನೋಡು" ಅನ್ನುತ್ತಿದ್ದಳು, ಓದು ಬರದವಳು. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು ಟಿಟಿ ಇಂಜೆಕ್ಷನ್ ಕೊನೆಗೆ ಯಾವಾಗ ತಗೊಂಡದ್ದು ಅಂತಲೂ ನೆನಪು ಮಾಡಿಕೊಳ್ಳಬೇಕು.

ಇನ್ನುಳಿದವರು ಮನೆಯ ಆರೈಕೆ ಮಾಡಿ ನೋಡಲಿ, ಎರಡು ಮೂರು ವಾರ. ಅಷ್ಟರಲ್ಲಿ ಬಗ್ಗದಿದ್ದರೆ, ಅಥವಾ ರಕ್ತ ಬರುತ್ತಿದ್ದರೆ, ಹೆಜ್ಜೆ ಊರೋಕೆ ಆಗದಿದ್ದರೆ ಹೋಗಲಿ. ಕಾಲಿನ ಜೊತೆ ಅಂಗೈಯೂ ಒಡೆಯುತ್ತಿದ್ದರೆ, ಮೊಣಕೈಯಲ್ಲಿ, ತಲೆಯಲ್ಲಿ ಬಿಳಿ ಹೊಟ್ಟು ಏಳುತ್ತಿದ್ದರೆ ಅದು ಸೋರಿಯಾಸಿಸ್ ಇರಬಹುದು. ನಮ್ಮ ಬೀದಿಯಲ್ಲಿ ಗಾರೆ ಕೆಲಸದ ಒಬ್ಬರಿಗೆ ಸಿಮೆಂಟೇ ಆಗಿಬರುತ್ತಿರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋದರೆ ಕಾಲು ವಾಸಿ, ವಾಪಸ್ ಬಂದರೆ ಮತ್ತೆ ಶುರು. ಮಳೆಗಾಲದಲ್ಲಿ ಗದ್ದೆಗಿಳಿದವರ ಬೆರಳ ಸಂದಿ ಬೆಳ್ಳಗೆ ಮೆತ್ತಗಾಗುವುದು ಇನ್ನೊಂದೇ ಬಗೆ, ಅದಕ್ಕೆ ಎಣ್ಣೆ ಹಚ್ಚಿದರೆ ಜಾಸ್ತಿಯಾಗುತ್ತೆ.

ಮಾವನಿಗೆ ಈಗ ಎಂಸಿಆರ್ ಚಪ್ಪಲಿ. ಮೆತ್ತನೆಯ ರಬ್ಬರಿನ ಅಟ್ಟೆ, ಹಿಂದೆ ಪಟ್ಟಿ, ಮೇಲೆ ಅಂಟಿಸುವ ಪಟ್ಟಿ. ಕುಷ್ಠ ಬಂದವರ ಪಾದ ಉಳಿಸೋಕೆ ಬಳಸುತ್ತಾ ಬಂದದ್ದು, ಈಗ ಶುಗರ್ ಇರುವವರಿಗೂ ಕೊಡುತ್ತಾರೆ. ನೋಡೋಕೆ ಚೆನ್ನಾಗಿಲ್ಲ ಅಂತ ಮೊದಲು ಮುಖ ಸಿಂಡರಿಸಿದರು. ಮನೆಯೊಳಗೂ ಹಾಕಿಕೊಂಡಿರಬೇಕು ಅಂದಾಗ ದೊಡ್ಡ ರಾದ್ಧಾಂತ. ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆ ದಾಟೋದಾ? ಅತ್ತೆಯೇ ಒಪ್ಪಿಸಿದರು, ದೇವರ ಕೋಣೆ ಬಿಟ್ಟು ಉಳಿದ ಕಡೆ ಅಂತ. ಶ್ರವಣಬೆಳಗೊಳಕ್ಕೆ ಹೋಗಬೇಕು ಅಂತ ಇತ್ತು ಮಾವನಿಗೆ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲನ್ನು ಚಪ್ಪಲಿ ಇಲ್ಲದೆ ಹತ್ತಬೇಕು, ಬಿಸಿಲೇರಿದರೆ ಬಂಡೆ ಕಾದ ಹೆಂಚು. ನಮಗೆ ಅಂಗಾಲು ಸುಟ್ಟರೆ ಕುಣಿಯುತ್ತೇವೆ. ಅವರು ಆರಾಮಾಗಿ ನಡೆದುಕೊಂಡು ಹೋಗುತ್ತಾರೆ, ಬೊಬ್ಬೆ ಎದ್ದದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತೆ. ಡಾಕ್ಟರು ಬೇಡವೇ ಬೇಡ ಅಂದರು. ಕೆಳಗಿಂದಲೇ ಕೈಮುಗಿದು ಬಂದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತ ಗಾದೆ ಇದೆಯಲ್ಲ. ಅಂಗಾಲಿನ ಹುಣ್ಣಿಗೆ ಬೇಕು. ಡಾಕ್ಟರು ಹೇಳಿಕೊಟ್ಟದ್ದೇ ಅದು, ಬಗ್ಗಿ ನೋಡೋಕೆ ಆಗದವರು ದಿನಾ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿದು ನೋಡಬೇಕು ಅಂತ. ಮಾವ ಡ್ಯೂಟಿಗೆ ಹೋಗುತ್ತಿದ್ದಾಗ ಬಳಸುತ್ತಿದ್ದ ಶೇವಿಂಗ್ ಕನ್ನಡಿಯನ್ನು ಅಟ್ಟದಿಂದ ಇಳಿಸಿದ್ದಾಯ್ತು. ಸಂಜೆ ಏಳರ ನ್ಯೂಸಿಗೆ ಮುಂಚೆ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿ, ಕನ್ನಡಿ ಕೆಳಗಿಟ್ಟು ಒಂದೊಂದೇ ಕಾಲನ್ನು ಹಿಡಿಯುತ್ತಾರೆ. ಬಸ್ಸಿನ ಸೈಡ್ ಮಿರರ್ ನೋಡಿದ ಹಾಗೆ ತಲೆ ಓರೆ ಮಾಡಿ ನೋಡುತ್ತಾರೆ. ಮಗಳು ಮೊಬೈಲ್ ಟಾರ್ಚ್ ಬಿಡುತ್ತಾಳೆ, ಬೆರಳ ಸಂದಿ ಬಿಡಿಸಿ ನೋಡುತ್ತಾಳೆ, ಆಮೇಲೆ ಬೆರಳು ಎಣಿಸುತ್ತಾಳೆ.

"ಒಂಬತ್ತು ಇದೆ ಅಜ್ಜ."

"ಸರಿ ಹಾಗಾದ್ರೆ. ನಿನ್ನೆನೂ ಅಷ್ಟೇ ಇತ್ತು. ಟಿವಿ ಹಾಕು."